ಆದದ್ದೆಷ್ಟು, ಉಳಿದದ್ದೆಷ್ಟು?

'ಕೆಲಸ ಎಷ್ಟಾಯಿತು?' ಎಂಬುದಕ್ಕಿಂತ ಹಳೆಯ ಪ್ರಶ್ನೆಗಳು ಲೋಕದಲ್ಲಿ ಹೆಚ್ಚು ಇರಲಾರವು. ಮೊದಲ ಮನೆಯನ್ನು ಕಟ್ಟಿಸಿದ ಯಜಮಾನ ಮೊದಲ ಗೌಂಡಿಯನ್ನು ಇದನ್ನೇ ಕೇಳಿರಬೇಕು. "ಮುಗದಂಗ ಆತ್ರಿ, ಇನ್ನೊಂದು ಎಂಟು ದಿನ" ಎಂಬ ಉತ್ತರವನ್ನೇ ಪಡೆದಿರಬೇಕು. ಎಂಟು ದಿನ ಕಳೆದು ಹೋಗಿ ನೋಡಿದರೆ ಉಳಿದ ಕೆಲಸ ಮತ್ತೆ ಎಂಟು ದಿನದ್ದೇ. ಗೌಂಡಿ ಸುಳ್ಳುಗಾರನೆಂದು ನಾನು ಹೇಳಲಾರೆ. ಗೋಡೆ ಎದ್ದು ನಿಂತಿದೆ, ಕಣ್ಣಿಗೆ ಕಾಣುತ್ತದೆ. ಗಿಲಾವು, ನಲ್ಲಿ, ವಿದ್ಯುತ್ತಿನ ತಂತಿ, ಬಾಗಿಲ ಚಿಲಕ ಇವು ಇನ್ನೂ ಬರಬೇಕು, ಕಣ್ಣಿಗೆ ಕಾಣುವುದಿಲ್ಲ. ಮನಸ್ಸು ಗೋಡೆಯನ್ನು ಎಣಿಸಿ ಚಿಲಕವನ್ನು ಬಿಟ್ಟುಬಿಡುತ್ತದೆ. ಹಣಕ್ಕೆ ಮಾತ್ರ ಇಂಥ ಮರೆವಿಲ್ಲ. ಅದು ದಿನವೂ ತಪ್ಪದೆ ಖರ್ಚಾಗುತ್ತದೆ.

ನಮ್ಮ ಕಾಲೇಜುಗಳಲ್ಲಿಯೂ ಈ ಪ್ರಶ್ನೆಯ ಒಂದು ರೂಪವುಂಟು. ತಿಂಗಳ ಕೊನೆಗೆ ಪಠ್ಯ ಶೇಕಡ ಎಷ್ಟು ಮುಗಿಯಿತೆಂದು ದಿನಚರಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. 'ಶೇಕಡ 80' ಎಂದು ಬರೆಯುತ್ತೇವೆ. ನೂರು ಪುಟದಲ್ಲಿ ಎಂಬತ್ತು ಪುಟ ಓದಿದ್ದಾಗಿದೆ, ಆದ್ದರಿಂದ ಬರೆದದ್ದು ನಿಜವೇ. ಮುಗಿದದ್ದು ಮೇಷ್ಟರ ಮಾತೋ ಮಕ್ಕಳ ಕಲಿಕೆಯೋ ಎಂದು ಆ ಪುಸ್ತಕ ಕೇಳುವುದಿಲ್ಲ. ಕೇಳದಿರುವುದೇ ಲೇಸೆಂಬುದು ಅಧ್ಯಾಪಕರ ಕೊಠಡಿಯ ಒಮ್ಮತ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಇದೇ ಪ್ರಶ್ನೆಯನ್ನು ಹೇಗೆ ಕೇಳುತ್ತವೆ, ಹೇಗೆ ಉತ್ತರಿಸುತ್ತವೆ ಎಂಬುದು ನನಗೆ ತಿಳಿದದ್ದು ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಸುರಪುರ ಸೀಮೆಯ ಹುಡುಗ. ಅವನ ಮನೆಯಲ್ಲಿ ಎಂಜಿನಿಯರಿಂಗ್ ಓದಿದವನು ಅವನೇ ಮೊದಲು. ಮನೆಯ ಸಾಲ, ತಂಗಿಯ ಓದು ಎರಡೂ ಅವನ ಸಂಬಳದ ಮೇಲೆ ನಿಂತಿವೆ. ಹೋದ ಸಂಕ್ರಾಂತಿಗೆ ಊರಿಗೆ ಬಂದವನು, "ಬೋನಾಳ ಕೆರಿಗೆ ಬುತ್ತಿ ಕಟಗೊಂಡು ಹೊಂಟೀವಿ, ನೀವೂ ಬರ್ರಿ ಸರ" ಎಂದು ಕರೆದ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಎಂದರೆ ಬರುವುದಿಲ್ಲ ಎನ್ನುವ ಶಕ್ತಿ ನನಗಿಲ್ಲ. ಹೋದೆ.

ಬೋನಾಳ ಕೆರೆ ಸುರಪುರದಿಂದ ಹತ್ತು ಕಿಲೋಮೀಟರಿನ ಅಳತೆಯಲ್ಲಿದೆ. 17ನೆಯ ಶತಮಾನದಲ್ಲಿ ಸುರಪುರದ ಪಾಮನಾಯಕ ಕಟ್ಟಿಸಿದ್ದೆಂದು ಹೇಳುತ್ತಾರೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದು, ಎಳೆಯ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅದನ್ನು ಹೆಚ್ಚಿಸಿ ಬಲಪಡಿಸಿದ. ಈಗ ಅದು ಪಕ್ಷಿಧಾಮ. ಚಳಿಗಾಲಕ್ಕೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಇಳಿಯುತ್ತವೆ. ಒಡ್ಡಿನ ಮೇಲೆ ಕುಳಿತು ಊಟ ಮಾಡುತ್ತಿರುವಾಗ ಹುಡುಗ ತನ್ನ ಸಂಕಟವನ್ನು ಒಂದೇ ವಾಕ್ಯದಲ್ಲಿ ಹೇಳಿದ: "ನಮ್ಮ ವೆಲಾಸಿಟಿ ಬಿದ್ದದರಿ ಸರ."

ಬಿದ್ದದ್ದು ಏನು, ಎಲ್ಲಿಂದ ಎಂದು ತಿಳಿಯುವುದಕ್ಕೆ ನನಗೆ ಅರ್ಧ ತಾಸು ಹಿಡಿಯಿತು. ಓದುಗರಿಗೆ ಅಷ್ಟು ಹಿಡಿಯದಂತೆ ಹೇಳಲು ಯತ್ನಿಸುತ್ತೇನೆ.

ಅವರಲ್ಲಿ ಕೆಲಸದ ತುಣುಕಿಗೆ 'ಸ್ಟೋರಿ' ಎಂದು ಹೆಸರು. ಬ್ಯಾಂಕಿನ ಗಿರಾಕಿಯೊಬ್ಬ ತನ್ನ ಗುಪ್ತಪದವನ್ನು ಮರೆತರೆ ಹೊಸದನ್ನು ಪಡೆಯಲು ಬರಬೇಕು, ಇದೊಂದು ಸ್ಟೋರಿ. ರಸವಿಲ್ಲದ ಕಥೆ, ನಿಜ. ಆದರೆ ಆದಿ, ಅಂತ್ಯ, ಫಲಶ್ರುತಿ ಮೂರೂ ಇವೆ. ಇಂಥ ಪ್ರತಿಯೊಂದು ತುಣುಕು ಎಷ್ಟು ದಿನ ಹಿಡಿಯುತ್ತದೆಂದು ಅವರು ಹೇಳುವುದಿಲ್ಲ. ದಿನಗಳನ್ನು ಹೇಳಿ ಹೇಳಿ ಕೆಟ್ಟ ಮೇಲೆ, ಒಂದು ತುಣುಕು ಇನ್ನೊಂದಕ್ಕಿಂತ ಎಷ್ಟು ಪಾಲು ಭಾರವೆಂದು ಮಾತ್ರ ಹೇಳುವುದನ್ನು ಕಲಿತರು. ಹಾಗೆ ಕೊಡುವ ಅಂಕವೇ 'ಸ್ಟೋರಿ ಪಾಯಿಂಟ್'. ಅಂಕ ಕೊಡುವ ವಿಧಾನ ಸೊಗಸಾಗಿದೆ. ತಂಡದವರೆಲ್ಲ ಸುತ್ತ ಕುಳಿತು ಇಸ್ಪೀಟಿನ ಎಲೆಗಳಂಥ ಚೀಟಿಗಳನ್ನು ಕೈಯಲ್ಲಿ ಹಿಡಿಯುತ್ತಾರೆ. ಕೆಲಸವನ್ನು ಓದಿದ ಮೇಲೆ ಎಲ್ಲರೂ ಒಟ್ಟಿಗೆ ಚೀಟಿ ತೋರಿಸುತ್ತಾರೆ. ಹಿರಿಯ ಮೊದಲು ಹೇಳಿದರೆ ಕಿರಿಯ ಅದನ್ನೇ ಹೇಳಿಯಾನು ಎಂಬ ಎಚ್ಚರ. ನಮ್ಮ ಅಧ್ಯಯನ ಮಂಡಳಿಯ ಸಭೆಗಳಲ್ಲಿ ಈ ಚೀಟಿಗಳನ್ನು ತಂದರೆ ಏನಾದೀತೆಂದು ಕ್ಷಣಕಾಲ ಊಹಿಸಿ ಸುಖಪಟ್ಟೆ.

ಆ ಚೀಟಿಗಳ ಮೇಲೆ ಇರುವ ಸಂಖ್ಯೆಗಳೇನೆಂದು ಕೇಳಿದೆ. ಒಂದು, ಎರಡು, ಮೂರು, ಐದು, ಎಂಟು, ಹದಿಮೂರು ಎಂದ. ನಾನು ಎದ್ದು ನಿಲ್ಲುವುದೊಂದು ಬಾಕಿ. "ಇದು ನಮ್ಮ ಛಂದಸ್ಸಿನ ಲೆಕ್ಕವಲ್ಲವೇನೋ!" ಎಂದೆ. ಮೂರು ಮಾತ್ರೆಯ ಗಣವನ್ನು ಲಘು ಗುರುಗಳಿಂದ ಎಷ್ಟು ಬಗೆಯಾಗಿ ಕಟ್ಟಬಹುದು? ಮೂರು. ನಾಲ್ಕು ಮಾತ್ರೆಯದನ್ನು? ಐದು. ಐದು ಮಾತ್ರೆಯದನ್ನು ಎಂಟು, ಆರು ಮಾತ್ರೆಯದನ್ನು ಹದಿಮೂರು. ಪಾಶ್ಚಾತ್ಯರು ಇವನ್ನು 1202ರಲ್ಲಿ ಪುಸ್ತಕ ಬರೆದ ಫಿಬೊನಾಚಿಯ ಹೆಸರಿನಿಂದ ಕರೆಯುತ್ತಾರೆ. ಅದಕ್ಕೂ ಹಿಂದೆ ನಮ್ಮ ಛಂದಶ್ಶಾಸ್ತ್ರಜ್ಞರು, ಜೈನಾಚಾರ್ಯ ಹೇಮಚಂದ್ರನೂ ಸೇರಿದಂತೆ, ಮಾತ್ರೆಗಳನ್ನು ಎಣಿಸುತ್ತ ಇಲ್ಲಿಗೆ ಬಂದಿದ್ದರು. ಹುಡುಗನಿಗೆ ತರಗತಿಯಲ್ಲಿ ಇದನ್ನು ಪಾಠ ಮಾಡಿದ್ದೆ. ಮರೆತಿದ್ದ. ದಿನಚರಿ ಪುಸ್ತಕದಲ್ಲಿ ಅದು ಮುಗಿದ ಪಾಠ!

ಇರಲಿ, ಹಣದ ಮಾತಿಗೆ ಬರುತ್ತೇನೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಇಡೀ ಕೆಲಸ 200 ಅಂಕದ್ದು. ಎರಡೆರಡು ವಾರದ ಹತ್ತು ಕಂತುಗಳಲ್ಲಿ ಮುಗಿಯಬೇಕು. ಈ ಕಂತಿಗೆ ಅವರು 'ಸ್ಪ್ರಿಂಟ್' ಎನ್ನುತ್ತಾರೆ. ಕಂತಿಗೆ ಸಂಬಳ ಸಾರಿಗೆ ಸೇರಿ 6 ಲಕ್ಷ ರೂಪಾಯಿ, ಒಟ್ಟು 60 ಲಕ್ಷ. ನಾಲ್ಕು ಕಂತು ಕಳೆದವು. 24 ಲಕ್ಷ ಹೋಯಿತು. ಬರಿಯ ಖರ್ಚಿನ ಪುಸ್ತಕ ಇಟ್ಟ ಗುಮಾಸ್ತ, 'ಕಾಲ ನೂರಕ್ಕೆ ನಲವತ್ತು ಹೋಗಿದೆ, ಹಣವೂ ನೂರಕ್ಕೆ ನಲವತ್ತು ಹೋಗಿದೆ, ಎಲ್ಲ ಸರಿಯಾಗಿದೆ' ಎಂದು ಪುಸ್ತಕ ಮುಚ್ಚುತ್ತಾನೆ. ಆದರೆ ಈ ಹೊತ್ತಿಗೆ 80 ಅಂಕದ ಕೆಲಸ ಮುಗಿದಿರಬೇಕಾಗಿತ್ತು, ಮುಗಿದದ್ದು 60. ಅಂದರೆ ನಾವು ಗಳಿಸಿದ್ದು 18 ಲಕ್ಷದ ಕೆಲಸ, ಕೊಟ್ಟದ್ದು 24 ಲಕ್ಷ. ರೂಪಾಯಿಗೆ ಹನ್ನೆರಡಾಣೆ ದಕ್ಕಿತು. ಇದೇ ನಡೆಯಾದರೆ 60 ಲಕ್ಷದ ಕೆಲಸ 80 ಲಕ್ಷಕ್ಕೆ ಮುಗಿಯುತ್ತದೆ. ಕಂತಿಗೆ 15 ಅಂಕದಂತೆ ಉಳಿದ 140 ಅಂಕಕ್ಕೆ ಆರು ಕಂತು ಸಾಲದು, ಒಂಬತ್ತರ ಮೇಲೆ ಬೇಕು. ಹೀಗೆ ಗಳಿಸಿದ ಮೌಲ್ಯವನ್ನು ಖರ್ಚಿನ ಪಕ್ಕದಲ್ಲಿಟ್ಟು ನೋಡುವ ಪದ್ಧತಿಯನ್ನು ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲಿ ತನ್ನ ದೊಡ್ಡ ಗುತ್ತಿಗೆಗಳಿಗೆ ವಿಧಿಸಿತು. ಸಾಫ್ಟ್‌ವೇರಿನವರು ಅದನ್ನು ತಮ್ಮ ಅಂಕಗಳಿಗೆ ಹೊಂದಿಸಿಕೊಂಡರು. ಒಂದು ಕಂತಿನಲ್ಲಿ ಎಷ್ಟು ಅಂಕ ಮುಗಿಯುತ್ತದೆಯೋ ಅದೇ 'ವೆಲಾಸಿಟಿ', ತಂಡದ ವೇಗ.

ಉಳಿದ ಕೆಲಸವನ್ನು ಒಂದು ಗೆರೆಯಾಗಿ ಎಳೆದು ಗೋಡೆಗೆ ಹಚ್ಚುತ್ತಾರೆ. ವಾರ ವಾರಕ್ಕೆ ಗೆರೆ ಇಳಿಯಬೇಕು. ಯಜಮಾನ ನಡುವೆ ಬಂದು 'ಇದೊಂದು ಚಿಕ್ಕದು ಸೇರಿಸಿಬಿಡಿ' ಎಂದು 40 ಅಂಕದ ಬಯಕೆ ಸೇರಿಸಿದರೂ ಗೆರೆ ಇಳಿಯುವುದಿಲ್ಲ, ಕೆಲಸದವರು ಕೈಕಟ್ಟಿ ಕುಳಿತರೂ ಇಳಿಯುವುದಿಲ್ಲ. ಗೆರೆಗೆ ಎರಡರ ವ್ಯತ್ಯಾಸ ಗೊತ್ತಿಲ್ಲ. ಆದ್ದರಿಂದ ಜಾಣರು ಎರಡು ಗೆರೆ ಎಳೆಯುತ್ತಾರೆ, ಒಟ್ಟು ಕೆಲಸದ್ದೊಂದು, ಮುಗಿದ ಕೆಲಸದ್ದೊಂದು. ಮನೆ ಕಟ್ಟಿಸುವವರೆಲ್ಲ ಹೀಗೆ ಮಾಡಿದರೆ ಗೌಂಡಿಗಳ ಮೇಲಿನ ಅಪವಾದ ಅರ್ಧ ಕಡಿಮೆಯಾದೀತು.

ಇದೆಲ್ಲದರ ಪ್ರಾಣ ಇರುವುದು 'ಮುಗಿಯಿತು' ಎಂಬ ಶಬ್ದದಲ್ಲಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಮಂದಿ ಪ್ರೋಗ್ರಾಮರುಗಳು ಸೇರಿ 'ಅಜೈಲ್' ಎಂಬ ಪಂಥದ ಪ್ರಣಾಳಿಕೆ ಬರೆದರು. ಅವರ ತತ್ತ್ವಗಳಲ್ಲಿ ಒಂದು, ಓಡುವ ಸಾಫ್ಟ್‌ವೇರೇ ಪ್ರಗತಿಯ ಮುಖ್ಯ ಅಳತೆ ಎಂಬುದು. ಬರೆದ ಸಾಲುಗಳಾಗಲಿ, ಕೂಡಿದ ಸಭೆಗಳಾಗಲಿ, ತುಂಬಿದ ತಾಸುಗಳಾಗಲಿ ಲೆಕ್ಕಕ್ಕಿಲ್ಲ. ಗಿರಾಕಿ ಬಳಸಬಲ್ಲನಾದರೆ ಒಂದು ಸ್ಟೋರಿ ಮುಗಿದಂತೆ. ಶೇಕಡ 90 ಆದದ್ದಕ್ಕೆ ಸೊನ್ನೆ. ನನಗೆ 'ಕೆರೆಗೆ ಹಾರ'ದ ನೆನಪಾಯಿತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸಿದ. ಕೂಲಿ ಕೊಟ್ಟದ್ದಾಯಿತು, ಮಣ್ಣು ತೆಗೆದದ್ದಾಯಿತು, ಯಾವ ಇಲಾಖೆಯ ಪುಸ್ತಕದಲ್ಲಿ ಬರೆದರೂ ಆ ಕಾಮಗಾರಿ ಪೂರ್ಣ. ನೀರು ಮಾತ್ರ ಬರಲಿಲ್ಲ. ಆ ಕೊರತೆಯನ್ನು ತುಂಬಿದವಳು ಕಿರಿಯ ಸೊಸೆ ಭಾಗೀರಥಿ. ಅವಳ ವೆಚ್ಚವನ್ನು ಯಾವ ಅಂದಾಜುಪಟ್ಟಿಯಲ್ಲಿಯೂ ಹಿಡಿದಿರಲಿಲ್ಲ.

ಕೆಲಸವನ್ನು ತುಂಡುತುಂಡಾಗಿ ಬಳಕೆಗೆ ತರುವುದು ನಮ್ಮ ಸೀಮೆಗೆ ಹೊಸದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟರು. ಆಲಮಟ್ಟಿಯ ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವೆ ನಲವತ್ತೆರಡು ವರ್ಷ. ಆದರೆ ನದಿಯ ಕೆಳಗಣ ನಾರಾಯಣಪುರದ ಬಸವಸಾಗರ 1982ರಲ್ಲಿಯೇ ಮುಗಿದು ಅದರ ಎಡದಂಡೆಯ ಕಾಲುವೆಗೆ ನೀರು ಬಿಟ್ಟದ್ದರಿಂದ ಸುರಪುರ, ಶಹಾಪುರಗಳ ಎರೆಭೂಮಿ ಭತ್ತವನ್ನು ಕಂಡಿತು. ಎಲ್ಲ ಮುಗಿದ ಮೇಲೆಯೇ ನೀರು ಎಂದಿದ್ದರೆ ಒಂದು ತಲೆಮಾರು ಒಣಗಿಯೇ ಕಳೆಯುತ್ತಿತ್ತು. ಹಾಗೆಂದು ಎಲ್ಲವೂ ಅಂಕಕ್ಕೆ ಸಿಕ್ಕಿತೆಂದಲ್ಲ. ಕಾಲುವೆಯ ಬಾಯಿಗೆ ಜವುಳು, ಬಾಲಕ್ಕೆ ಬರ. ಈ ಸೀಮೆಯಿಂದ ಗುಳೆ ಹೋಗುವವರು ಇಂದಿಗೂ ಇದ್ದಾರೆ. ಬೆಂಗಳೂರಿನಲ್ಲಿ ಕಟ್ಟಡದ ಕಾಂಕ್ರೀಟು ಹೊರುವವರಲ್ಲಿ ಯಾದಗಿರಿ ಕಡೆಯ ಮಾತು ಕೇಳದ ದಿನವಿಲ್ಲವೆಂದು ಹುಡುಗನೇ ಹೇಳಿದ.

ಈಗ ಅವನ ಸಂಕಟ. ತಂಡದ ಕೈಗೆ ಬಂದ ಕೆಲಸ ಹತ್ತು ವರ್ಷದ ಹಿಂದೆ ಯಾರೋ ಅವಸರದಲ್ಲಿ ಬರೆದು ಬಿಟ್ಟುಹೋದದ್ದು. ಹೊಸದನ್ನು ಕೂರಿಸಬೇಕಾದರೆ ಹಳೆಯದನ್ನು ಮೊದಲು ದುರಸ್ತಿ ಮಾಡಬೇಕು. ಇಂಥ ಅವಸರವನ್ನು ವಾರ್ಡ್ ಕನಿಂಗ್‌ಹ್ಯಾಮ್ ಎಂಬಾತ 1992ರಲ್ಲಿ ಸಾಲಕ್ಕೆ ಹೋಲಿಸಿದ. ತೀರಿಸುವವರೆಗೆ ಬಡ್ಡಿ ತೆರುತ್ತಲೇ ಇರಬೇಕು. ಬಡ್ಡಿ ತೆತ್ತವರು ಇವರು. ಕಂತಿಗೆ 30 ಇದ್ದ ವೇಗ 18ಕ್ಕೆ ಇಳಿಯಿತು. ಪಕ್ಕದ ತಂಡದ್ದು 50. ಮೇಲಿನವರು ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಇವರ ಮುಂದಿಟ್ಟರು. ವರ್ಷದ ಸಂಬಳ ನಿರ್ಣಯ ಹತ್ತಿರ ಬಂದಿತ್ತು.

ತಂಡದಲ್ಲಿ ಒಬ್ಬ ಉಪಾಯ ಹೇಳಿದನಂತೆ: ಮೂರರ ಕೆಲಸಕ್ಕೆ ಐದು ಬರೆಯೋಣ, ಐದರದಕ್ಕೆ ಎಂಟು. ಯಾರೂ ಒಂದು ಕ್ಷಣ ಹೆಚ್ಚು ದುಡಿಯದೆ ವೇಗ ಏರುತ್ತದೆ. ಲಘುಗಳನ್ನೆಲ್ಲ ಗುರುವೆಂದು ಎಣಿಸಿ ಪದ್ಯ ದೊಡ್ಡದಾಯಿತೆಂದ ಹಾಗೆ. ಹುಡುಗ ಇನ್ನೂ ಒಪ್ಪಿರಲಿಲ್ಲ, ಒಪ್ಪುವ ಅಂಚಿನಲ್ಲಿದ್ದ. "ಎಲ್ಲಾರೂ ಮಾಡ್ತಾರ್ರಿ ಸರ" ಎಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅಲ್ಲಿಯವರೆಗೆ ರೊಟ್ಟಿ ಮುರಿದು ಹಾಕುತ್ತಿದ್ದ ಅವನ ತಾಯಿ ಕೇಳಿದರು: "ಅವರ ಕುಣಿ ಎಂಥ ಮಣ್ಣಾಗ ಇತ್ತೋ ತಮ್ಮಾ?"

ಆಕೆ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋದವರು. ಆ ಕಾಯಿದೆ 2005ರಲ್ಲಿ ಆಯಿತು. 2006ರ ಫೆಬ್ರವರಿಯಲ್ಲಿ ಮೊದಲು ಜಾರಿಗೆ ಬಂದ ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು, ಯಾದಗಿರಿ ಜಿಲ್ಲೆ ಆಗಿನ್ನೂ ಹುಟ್ಟಿರಲಿಲ್ಲ. ಊರ ಕೆರೆಯ ಹೂಳು ತೆಗೆಯುವ ಕೆಲಸ. ಗುಂಪಿಗೆ ಇಷ್ಟು ಕುಣಿ ಎಂದು ಗುರುತು ಹಾಕಿಕೊಡುತ್ತಿದ್ದರು. ಕುಣಿಯ ನಡುವೆ ಒಂದು ಮಣ್ಣಿನ ದಿಬ್ಬವನ್ನು ಅಗೆಯದೆ ಬಿಡಬೇಕು. ಮೊದಲು ನೆಲ ಎಷ್ಟು ಎತ್ತರಕ್ಕಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಎಂಜಿನಿಯರ್ ಬಂದು ಉದ್ದ, ಅಗಲ, ದಿಬ್ಬದ ತಲೆಯಿಂದ ತಳಕ್ಕೆ ಆಳ ಅಳೆದು ಅಳತೆ ಪುಸ್ತಕದಲ್ಲಿ ಬರೆದ ಮೇಲೆಯೇ ದಿಬ್ಬ ಕೆಡವಬಹುದು. ಕೂಲಿ ಆ ಅಳತೆಗೆ. ಕೆರೆ ಕಟ್ಟೆಗಳ ಮಣ್ಣುಕೆಲಸದಲ್ಲಿ ಒಡ್ಡರು ತಲೆತಲಾಂತರದಿಂದ ಹೀಗೆಯೇ ದಿಬ್ಬ ಬಿಟ್ಟು ಅಳತೆ ಕೊಟ್ಟವರು.

"ಎರಿ ಮಣ್ಣಾಗ ಕುಂತವರು ಮಧ್ಯಾಹ್ನಕ್ಕ ಮೊಣಕಾಲ ಮಟ ಇಳೀತಾರ್ರಿ ಸರ. ಗರಸಿನಾಗ ಕುಂತವರಿಗೆ ಸಂಜಿ ಆದ್ರೂ ಒಂದು ಗೇಣು. ಹಾರಿ ಹಿಡದವರ ಅಂಗೈ ನೋಡಿದ್ರ ಗೊತ್ತಾಗ್ತದ ಯಾರು ದುಡದಾರಂತ. ಆಳ ಒಂದಽ ನೋಡಿ ಇವರು ಮೈಗಳ್ಳರು ಅಂದ್ರ ಹೆಂಗ?"

ಸರಕಾರದ ದರಪಟ್ಟಿಗೂ ಇದು ಗೊತ್ತಿದೆ. ಮೆತ್ತನೆಯ ಮಣ್ಣಿಗೊಂದು ದರ, ಗಟ್ಟಿ ನೆಲಕ್ಕೊಂದು, ಬಂಡೆಗೊಂದು. ಮಣ್ಣನ್ನು ಎಷ್ಟು ದೂರ ಹೊತ್ತರು, ಎಷ್ಟು ಎತ್ತರಕ್ಕೆ ಏರಿಸಿದರು ಎಂಬುದಕ್ಕೆ ಬೇರೆ. ಗಾಜಿನ ಕಟ್ಟಡದಲ್ಲಿ ಕುಳಿತವರ ಪಟ್ಟಿಯಲ್ಲಿ ಮಾತ್ರ ಎರಿಗೂ ಗರಸಿಗೂ ಒಂದೇ ಅಂಕಣ. ಅದರಲ್ಲಿಯೂ ಒಂದು ತಂಡದ ಅಂಕ ಆ ತಂಡದೊಳಗೇ ಹುಟ್ಟಿದ್ದು, ಅಲ್ಲಿಯೇ ಸಲ್ಲುವಂಥದ್ದು. ಇವರ ಐದು ಪಕ್ಕದವರ ಐದಲ್ಲ. ಸ್ನೋಬರ್ಡಿನ ಹದಿನೇಳು ಮಂದಿಯಲ್ಲಿ ಒಬ್ಬನಾದ ರಾನ್ ಜೆಫ್ರಿಸ್, ಸ್ಟೋರಿ ಪಾಯಿಂಟನ್ನು ಕಂಡುಹಿಡಿದವನು ತಾನೇ ಇದ್ದರೂ ಇರಬಹುದು, ಹಾಗಿದ್ದರೆ ಅದಕ್ಕಾಗಿ ವಿಷಾದಿಸುತ್ತೇನೆ ಎಂದು 2019ರಲ್ಲಿ ಬರೆದ. ತಂಡಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಅಳೆಯುವುದು ಅವನ ವಿಷಾದದ ಕಾರಣಗಳಲ್ಲೊಂದು.

ತಾಯಿ ಇನ್ನೊಂದು ಸಂಗತಿ ಹೇಳಿದರು. ಒಂದು ಸಲ ಅವರ ಗುಂಪಿನ ಮುಖಂಡ, ಅಳತೆಯ ಹಿಂದಿನ ರಾತ್ರಿ, ದಿಬ್ಬದ ತಲೆಯ ಮೇಲೆ ಎರಡು ಬುಟ್ಟಿ ಮಣ್ಣು ಒತ್ತಿ ಮೇಲೆ ಹುಲ್ಲಿನ ಹೆಂಟೆ ಕೂರಿಸಿದ. ಕುಣಿ ಆಳವಾಯಿತು, ಯಾರೂ ಅಗೆಯದೆ! "ಸಾಹೇಬ ಬಂದು ದಿಬ್ಬದ ತಲಿಗೆ ಕಾಲಿಲೆ ಒದ್ದ. ಹಸಿ ಮಣ್ಣು ಕಳಚಿ ಬಿತ್ತು. ಆ ವಾರ ಎಲ್ಲಾರ ಕೂಲಿ ಕಡದ್ರು. ಖರೇವಂದ್ರ ದುಡದದ್ದೂ ಅದರಾಗಽ ಹೋತು." ಸ್ವಲ್ಪ ಸುಮ್ಮನಿದ್ದು, "ಗರಸು ಬಂದದ ಅಂತ ಅವತ್ತಽ ಹೇಳಿ ಬರಸಿದ್ರ ದರ ಸಿಗತಿತ್ತು. ಹೇಳಲಿಕ್ಕೆ ಅಂಜಿದ್ವಿ" ಎಂದರು.

ಆಮೇಲೆ ಆ ಕೆಲಸದಲ್ಲಿ ಹೊಸ ಪದ್ಧತಿ ಬಂತು. 2023ರ ಜನವರಿಯಿಂದ ಕೂಲಿಯವರ ಹಾಜರಿಯನ್ನು ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವುದು ಕಡ್ಡಾಯವಾಯಿತು. ಜನ ಬಂದರೇ ಎಂಬುದನ್ನು ಫೋಟೋ ಹೇಳುತ್ತದೆ, ಅದೂ ಸಿಗ್ನಲ್ ಸಿಕ್ಕ ಕಡೆ. ಮಣ್ಣು ಹೋಯಿತೇ ಎಂಬುದನ್ನು ಹೇಳುವುದು ಆ ದಿಬ್ಬವೇ. ಹುಡುಗ ನಕ್ಕು, ತಮ್ಮಲ್ಲಿಯೂ ಬಾಗಿಲಲ್ಲಿ ಕಾರ್ಡು ತೋರಿಸಿದ ಹೊತ್ತನ್ನು ಬರೆದಿಡುತ್ತಾರೆ, ವಾರಕ್ಕೊಮ್ಮೆ ತಾಸುಗಳ ಪಟ್ಟಿ ತುಂಬಿಸಿಕೊಳ್ಳುತ್ತಾರೆ ಎಂದ. ಖರ್ಚಿನ ಲೆಕ್ಕಕ್ಕೆ ಅದು ಬೇಕು, ನಾನು ಅಲ್ಲಗಳೆಯುವುದಿಲ್ಲ. ಸಂಬಳ ಕೊಡುವವನಿಗೆ ತಾಸಿನ ಲೆಕ್ಕ ಕೇಳುವ ಹಕ್ಕುಂಟು. ಅದನ್ನು ಪ್ರಗತಿಯ ಅಂಕಣದಲ್ಲಿ ಬರೆಯುವಾಗ ಮಾತ್ರ ನನಗೆ ನಮ್ಮ ಶೇಕಡ 80ರ ನೆನಪಾಗುತ್ತದೆ.

ಹುಡುಗ ಬೆಂಗಳೂರಿಗೆ ಹಿಂದಿರುಗಿ ಹದಿನೈದು ದಿನಕ್ಕೆ ಫೋನು ಮಾಡಿದ. ಅಂಕ ಉಬ್ಬಿಸುವುದಕ್ಕೆ ಅವನು ಒಪ್ಪಲಿಲ್ಲ. ತಂಡದವರನ್ನು ಕೂರಿಸಿಕೊಂಡು ಕಳೆದ ಆರು ಕಂತುಗಳ ಕೆಲಸವನ್ನು ಎರಡು ಅಂಕಣವಾಗಿ ಬಿಡಿಸಿ ಬರೆದ: ಹೊಸ ಕೆಲಸ ಒಂದು ಕಡೆ, ಹಳೆಯದರ ದುರಸ್ತಿ ಒಂದು ಕಡೆ. ತಂಡದಲ್ಲಿ ತಮಿಳರು, ಒರಿಯಾದವರು, ದಿಲ್ಲಿಯವಳೊಬ್ಬಳು ಇದ್ದಾರೆ. ಎಲ್ಲರೂ ಈಗ ಆ ಅಂಕಣಗಳನ್ನು 'ಎರಿ', 'ಗರಸು' ಎಂದೇ ಕರೆಯುತ್ತಾರಂತೆ. ಬಿಡಿಸಿ ಬರೆದ ಮೇಲೆ ಕಂಡದ್ದು, ಒಟ್ಟು ದುಡಿಮೆ ಕುಗ್ಗಿರಲಿಲ್ಲ. ಅರ್ಧದ ಹತ್ತಿರ ಗರಸಿಗೆ ಹೋಗಿತ್ತು. ಅದಕ್ಕೆ ತಗುಲಿದ ಹಣವನ್ನೂ ಪಕ್ಕದಲ್ಲಿ ಬರೆದು ಮೇಲಿನವರ ಮುಂದಿಟ್ಟ.

ಅವರು ಪಟ್ಟಿಯನ್ನು ಬಹಳ ಹೊತ್ತು ನೋಡಿ, "ಹಾಗಾದರೆ ಮುಗಿಯುವುದು ಯಾವಾಗ? ಒಂದು ತಾರೀಖು ಹೇಳು" ಎಂದರಂತೆ. ಉಳಿದದ್ದು 90 ಅಂಕ. ಕಂತಿಗೆ 30ರ ವೇಗ ಬಂದರೆ ಮೂರು ಕಂತು, 18ರದ್ದೇ ಆದರೆ ಐದು. ಇವನು ಆರು ವಾರಕ್ಕೆ ಮುಂಚೆ ಇಲ್ಲ, ಹತ್ತು ವಾರ ಮೀರದು ಎಂದ. ಒಂದೇ ತಾರೀಖು ಬೇಕೆಂದು ಅವರು ಮತ್ತೆ ಕೇಳಿದರು. ಇವನು ಮತ್ತೆ ಎರಡನ್ನೇ ಹೇಳಿದ. ಕೊನೆಗೆ ಗಿರಾಕಿಯನ್ನೇ ಕರೆದು ಕೇಳಿದಾಗ, ಸದ್ಯ ಬೇಡವಾದ ಎರಡು ಸ್ಟೋರಿಗಳನ್ನು ಆತ ತಾನಾಗಿ ಕೈಬಿಟ್ಟನಂತೆ. 21 ಅಂಕ ಕಡಿಮೆಯಾಯಿತು. ಪಕ್ಕದ ತಂಡದ ಪಟ್ಟಿಯನ್ನು ಇವರದರ ಜೊತೆ ಕೂಡಿಸಿ ಬರೆಯುವುದು ನಿಂತಿದೆಯೇ ಎಂದು ಕೇಳಿದೆ. "ಇಲ್ರಿ ಸರ. ಆದ್ರ ಈಗ ಕೆಳಗ ಒಂದು ಟಿಪ್ಪಣಿ ಹಾಕ್ತಾರ" ಎಂದ.

ತಾಯಿಗೂ ಅಂದೇ ಫೋನು ಮಾಡಿ ಎಲ್ಲವನ್ನೂ ಹೇಳಿದ್ದ. ಆಕೆ ಪೂರ್ತಿ ಕೇಳಿಸಿಕೊಂಡು, "ಪಗಾರ ಕಡದಾರೇನೋ ತಮ್ಮಾ?" ಎಂದರಂತೆ. ಅದು ಏಪ್ರಿಲಿನಲ್ಲಿ ತಿಳಿಯಬೇಕು.